ಒಂದು ಬಾಡಿ ಡೈ, ಮೂರು ಕಾಟ್ರಿಜ್: ಐದು ವರ್ಷದ ಬಳಕೆ

ಹಾರಿಸಿದ ರೈಫಲ್ ಕಾಟ್ರಿಜ್‌ಗಳ ಖಾಲಿ ಹಿತ್ತಾಳೆ ಕೇಸ್‌ಗಳನ್ನು ನಾನು ಮತ್ತೆ ತುಂಬಿಸಿ ಬಳಸುತ್ತೇನೆ. ಹಿಗ್ಗಿದ ಕೇಸನ್ನು ಒತ್ತಿ ಅಳತೆಗೆ ತರುವ (ಸೈಜ್ ಮಾಡುವ) ಅಚ್ಚೇ ಡೈ. ರೆಡ್ಡಿಂಗ್ ಕಂಪನಿಯ .308 ವಿಂಚೆಸ್ಟರ್ ಬಾಡಿ ಡೈ ನನ್ನ ಹತ್ತಿರ ಐದು ವರ್ಷದಿಂದ ಇದೆ. ಅದರಲ್ಲೇ .243 ಮತ್ತು 7ಎಂಎಂ-08 ಕೇಸ್‌ಗಳನ್ನೂ ಸೈಜ್ ಮಾಡುತ್ತೇನೆ. ಸುಮ್ನೆ ದುಡ್ಡು ಉಳಿಸೋಣ ಅಂತ ಶುರು ಮಾಡಿದ್ದು. ಈಗ ಅದೇ ಅಭ್ಯಾಸವಾಗಿದೆ.

ಇದು ಸಾಧ್ಯವಾಗುವುದಕ್ಕೆ ಕಾರಣವಿದೆ. .308 ಬಂದದ್ದು 1952ರಲ್ಲಿ. 1955ರ .243, 1980ರ 7ಎಂಎಂ-08 ಎರಡೂ ಅದರ ಕುತ್ತಿಗೆಯನ್ನು, ಅಂದರೆ ಬುಲೆಟ್ ಹಿಡಿಯುವ ಬಾಯಿ ಭಾಗವನ್ನು, ಕಿರಿದು ಮಾಡಿ ಹುಟ್ಟಿದವು. ಬುಡದಿಂದ ಶೋಲ್ಡರ್ (ಕೇಸ್ ಕುತ್ತಿಗೆಯ ಕಡೆಗೆ ಕಿರಿದಾಗುವ ಇಳಿಜಾರು) ಶುರುವಾಗುವವರೆಗೆ ಮೂರೂ 1.560 ಇಂಚು, ಶೋಲ್ಡರ್ ಕೋನ 20 ಡಿಗ್ರಿ. ಬಾಡಿ ಡೈ ಕುತ್ತಿಗೆಯನ್ನು ಮುಟ್ಟುವುದೇ ಇಲ್ಲ. ಹೊಟ್ಟೆಯನ್ನು ಒತ್ತಿ, ಶೋಲ್ಡರನ್ನು ಸ್ವಲ್ಪ ಹಿಂದಕ್ಕೆ ತಳ್ಳುತ್ತದೆ, ಅಷ್ಟೆ. ಕುತ್ತಿಗೆಗೆ ಬೇರೆ ಬುಶಿಂಗ್ ಡೈ ಇಟ್ಟಿದ್ದೇನೆ; ಅದರೊಳಗಿನ ಉಂಗುರವೇ (ಬುಶಿಂಗ್) ಕುತ್ತಿಗೆಯ ಅಳತೆ ನಿರ್ಧರಿಸುತ್ತದೆ. ಬುಶಿಂಗ್ ಬದಲಿಸಿದರೆ ಕೆಲಸ ಮುಗಿಯಿತು. ಪ್ರೆಸ್‌ನಲ್ಲಿ ಕೇಸಿನ ಬುಡ ಹಿಡಿಯುವ ಶೆಲ್‌ಹೋಲ್ಡರ್ ಅಂತೂ ಮೂರಕ್ಕೂ ಒಂದೇ.

ಕಿರಿಕಿರಿ ಇರುವುದು ಸೆಟ್ಟಿಂಗ್‌ನಲ್ಲಿ. ಒಂದೊಂದು ರೈಫಲ್‌ನ ಚೇಂಬರ್ (ಕಾಟ್ರಿಜ್ ಕೂರುವ ಜಾಗ) ಒಂದೊಂದು ತರಹ. ನಾನು ಶೋಲ್ಡರನ್ನು 0.002 ಇಂಚು ಮಾತ್ರ ಹಿಂದೆ ತಳ್ಳುತ್ತೇನೆ. ಹಾಗಾಗಿ ಕಾಟ್ರಿಜ್ ಬದಲಿಸಿದಾಗೆಲ್ಲ ಡೈ ಏರಿಳಿಸಿ, ಬುಡದಿಂದ ಶೋಲ್ಡರ್‌ವರೆಗಿನ ಉದ್ದ ತೋರಿಸುವ ಕಂಪ್ಯಾರೇಟರ್‌ನಲ್ಲಿ ಅಳೆಯಲೇಬೇಕು. ಕಳೆದ ಸಲದ ಸೆಟ್ಟಿಂಗನ್ನು ನಂಬಿ ಕೂತರೆ ಕೆಟ್ಟಿರಿ.

ಕೇಸಿನೊಳಗೆ ಬುಲೆಟ್ ಕೂರಿಸುವ ಸೀಟಿಂಗ್ ಡೈ (ಸೀಟರ್) ವಿಷಯ ಬೇರೆ. .308ರ ಸೀಟರ್‌ನಲ್ಲಿ .243 ಬುಲೆಟ್ ಕೂರಿಸಿ ನೋಡಿದೆ. ಕುತ್ತಿಗೆಯ ಸುತ್ತ ಜಾಗ ಜಾಸ್ತಿ, ಹಿಡಿದುಕೊಳ್ಳುವವರೇ ಇಲ್ಲ. ಬುಲೆಟನ್ನು ಒತ್ತುವ ಸ್ಟೆಮ್ ಕೂಡ ದಪ್ಪ ಬುಲೆಟ್‌ಗೆ ಮಾಡಿದ್ದು, ತುದಿಯನ್ನು ಜಜ್ಜುತ್ತಿತ್ತು. ತಯಾರಾದ ಕಾಟ್ರಿಜ್‌ಗಳನ್ನು ಉರುಳಿಸಿ ನೋಡಿದರೆ ತುದಿ ಓಲಾಡುವುದು ಕಣ್ಣಿಗೇ ಕಾಣುತ್ತಿತ್ತು. ಮೂರಕ್ಕೂ ಬೇರೆ ಬೇರೆ ಸೀಟರ್ ಕೊಂಡೆ. ಇದರಲ್ಲಿ ಜಿಪುಣತನ ಬೇಡ.

ಇದೇ ಧೈರ್ಯದ ಮೇಲೆ ಒಮ್ಮೆ ಎಡವಿದ್ದೂ ಉಂಟು. .270 ವಿಂಚೆಸ್ಟರ್, .280 ರೆಮಿಂಗ್ಟನ್ ಎರಡೂ .30-06ರ ಕುಟುಂಬದವು, ನೋಡಲು ಅಣ್ಣತಮ್ಮಂದಿರ ಹಾಗೆ. ಆದರೆ .280ರ ಶೋಲ್ಡರ್ ಸುಮಾರು 0.05 ಇಂಚು ಮುಂದಿದೆ. ಅದು .270ರ ಚೇಂಬರಿಗೆ ಹೋಗಬಾರದು ಅಂತಲೇ ಹಾಗೆ ಮಾಡಿದ್ದು. ನಾನು .280 ಕೇಸನ್ನು .270 ಡೈಗೆ ಹಾಕಿದೆ. ಪ್ರೆಸ್‌ನ ಲಿವರ್ ಬಿಗಿಯಾದಾಗಲೇ ನಿಲ್ಲಿಸಬೇಕಿತ್ತು, ಅಲ್ವಾ? ಕೇಸಿಗೆ ಹಚ್ಚಿದ ಎಣ್ಣೆ ಸಾಲದು ಅಂದುಕೊಂಡು ಇನ್ನೂ ಒತ್ತಿದೆ. ಅಳತೆ ಪರೀಕ್ಷಿಸುವ ಕೇಸ್ ಗೇಜ್‌ಗೆ ಹಾಕಿದಾಗ ತಪ್ಪು ಗೊತ್ತಾಯಿತು: ಶೋಲ್ಡರ್ ತೀರಾ ಹಿಂದೆ ಹೋಗಿತ್ತು. ಗೇಜ್ ಇರದಿದ್ದರೆ ಅದನ್ನೇ ತುಂಬಿಸಿ .280ರಲ್ಲೇ ಹಾರಿಸುತ್ತಿದ್ದೆನೇನೋ. ಹೆಡ್‌ಸ್ಪೇಸ್ (ಚೇಂಬರಿನಲ್ಲಿ ಕೇಸ್ ಹಿಂದೆಮುಂದೆ ಆಡುವ ಜಾಗ) ಅಷ್ಟು ಸಡಿಲವಾದರೆ ಹಿತ್ತಾಳೆ ಬುಡದ ಹತ್ತಿರ ಹಿಗ್ಗಿ ಹರಿಯುತ್ತದೆ, ಬಿಸಿ ಗ್ಯಾಸ್ ಮುಖದ ಕಡೆಗೇ ಬರಬಹುದು.

ಆ ಕೇಸನ್ನು ಚಪ್ಪಟೆ ಮಾಡಿ ಎಸೆದೆ. .270 ಡೈ ಡಬ್ಬಿಗೆ ಕೆಂಪು ಟೇಪ್ ಸುತ್ತಿದ್ದೇನೆ.