ಕಾಸರಗೋಡಿನ ಸೆಕೆಯಲ್ಲಿ ಕಂಪ್ಯೂಟರಿಗೆ ಪೇಸ್ಟ್ ಸಾಕಾ, ಟವರ್ ಕೂಲರ್ ಬೇಕಾ?

ಏಪ್ರಿಲ್‌ನಲ್ಲಿ ಕುಂಬಳೆ ಕಡೆ ಕೋಣೆಯ ಒಳಗೇ 33–34 ಡಿಗ್ರಿ ಇರುತ್ತದೆ. ಕಂಪ್ಯೂಟರಿನ ಒಳಗಿನ ಕೂಲರ್ ಗಾಳಿಯದ್ದಾಗಲಿ, ನೀರಿನದ್ದಾಗಲಿ, ಪ್ರೊಸೆಸರನ್ನು ಅದಕ್ಕಿಂತ ಕೆಳಗೆ ಇಳಿಸಲಾರದು. ಯೂಟ್ಯೂಬ್‌ನವರು ಎಸಿ ರೂಮಿನಲ್ಲಿ ಅಳೆದ ಕಡಿಮೆ ಅಂಕಿ ನೋಡಿ ಗಾಬರಿಯಾಗಬೇಡಿ.

ಏನೂ ಕೆಲಸವಿಲ್ಲದೆ ಸುಮ್ನೆ ಇದ್ದಾಗಲೂ ಪ್ರೊಸೆಸರ್ 70 ಡಿಗ್ರಿ ದಾಟುತ್ತಿದೆಯಾ? ಮೊದಲು ಪೇಸ್ಟ್ ಬದಲಿಸಿ, ಅಂದರೆ ಪ್ರೊಸೆಸರಿನ ಶಾಖ ಕೂಲರ್‌ಗೆ ದಾಟಲು ನಡುವೆ ಹಚ್ಚುವ ಥರ್ಮಲ್ ಪೇಸ್ಟ್. ಕೆಲವು ನೂರು ರೂಪಾಯಿಯ ಖರ್ಚು ಅಷ್ಟೆ. ಹೀಟ್‌ಸಿಂಕ್ (ಕೂಲರ್‌ನ ಲೋಹದ ರೆಕ್ಕೆಗಳ ಭಾಗ) ಬಿಚ್ಚಿದಾಗ ಹಳೆಯದು ಒಣಗಿ ಪುಡಿಯಾಗಿ ಉದುರಿದರೆ ಕಾರಣ ಸಿಕ್ಕಿತು ಅಂತಲೇ ತಿಳಿಯಿರಿ. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಬಟಾಣಿಯಷ್ಟು ಹೊಸದು ಇಡಿ. ಇಂಟೆಲ್ ಡಬ್ಬದ ಜೊತೆ ಬಂದ ಕೂಲರ್ ಆದರೆ ಅದನ್ನು ಒತ್ತಿ ಕೂರಿಸುವ ನಾಲ್ಕು ಪುಶ್‌ಪಿನ್‌ಗಳನ್ನೂ ನೋಡಿ. ಒಂದು ಸಡಿಲವಾದರೂ ಪೇಸ್ಟ್ ಹಾಕಿದ್ದು ದಂಡ. ನಮ್ಮ ಕರಾವಳಿಯ ತೇವಕ್ಕೆ ರೆಕ್ಕೆಗಳ ನಡುವೆ ಧೂಳು ಅಂಟಿಕೊಂಡೇ ಇರುತ್ತದೆ. ಬ್ರಷ್ ಬೇಕು, ಊದಿದರೆ ಹೋಗದು.

ಸುಮ್ನೆ ಇದ್ದಾಗ ತಣ್ಣಗಿದ್ದು, ವಿಡಿಯೊ ರೆಂಡರ್ ಶುರುವಾದರೆ 100 ಮುಟ್ಟಿ ವೇಗ ಬೀಳುತ್ತದಾ? ಆಗ ಟವರ್ ಕೂಲರ್ (ಎತ್ತರದ ಹೀಟ್‌ಸಿಂಕಿಗೆ ಫ್ಯಾನ್ ಕೂರಿಸಿದ್ದು) ತಗೊಳ್ಳಿ, ಅದು ಹಿಡಿಸುತ್ತದಾ ಅಂತ ಕ್ಯಾಬಿನೆಟ್ ಅಗಲ ಅಳೆದ ಮೇಲೆ. ಆದರೆ ಎಎಂಡಿ ಕಂಪನಿಯ ರೈಜನ್ 7000 ಪ್ರೊಸೆಸರುಗಳ ಎಕ್ಸ್ ಮಾದರಿಗಳು 95 ಡಿಗ್ರಿಯವರೆಗೆ ಹೋಗುವಂತೆಯೇ ಮಾಡಿದವು, ಅದಕ್ಕೆ ಗಾಬರಿ ಬೇಡ.

ನೀರಿನ (ಲಿಕ್ವಿಡ್) ಕೂಲರ್? ಪಂಪ್ ಕೆಟ್ಟರೆ ಇಡೀ ಸೆಟ್ಟೇ ಹೋಯಿತು. ಟವರ್‌ನಲ್ಲಿ ಫ್ಯಾನ್ ಒಂದನ್ನು ಬದಲಿಸಿದರಾಯಿತು, ಅಲ್ವಾ?