ಶೆಟ್ಲಿ ಹೊಂಡಕ್ಕೆ ಪ್ರೊಬಯೋಟಿಕ್ ಪುಡಿ: ಔಷಧ ಅಂತ ಕೊಳ್ಳಬೇಡಿ

ಕುಮಟಾ ಕಡೆ ಗಜನಿಯಲ್ಲಿ, ಅಂದರೆ ಹೊಳೆಯ ಉಪ್ಪುನೀರು ಹತ್ತುವ ತಗ್ಗು ಗದ್ದೆಯಲ್ಲಿ, ಶೆಟ್ಲಿ (ಸೀಗಡಿ) ಸಾಕುವವರು ಸಿಕ್ಕಾಗೆಲ್ಲ ಕೇಳುವುದು ಇದನ್ನೇ: ಪ್ರೊಬಯೋಟಿಕ್ ಪುಡಿಗೆ ಹಾಕಿದ ದುಡ್ಡು ವಾಪಸ್ ಬರ್ತದಾ? ನಾನು ಬಳಸುತ್ತಿರುವುದು ಕಿಲೋಗೆ ಸಾವಿರ ರೂಪಾಯಿ ಆಸುಪಾಸಿನ ಬ್ಯಾಸಿಲಸ್ ಪುಡಿ, ಅಂದರೆ ಹೊಂಡಕ್ಕೆ ಒಳ್ಳೆಯದು ಮಾಡುವ ಜೀವಂತ ಬ್ಯಾಕ್ಟೀರಿಯಾದ ಪುಡಿ. ಮರಿ ಬಿಡುವ ಮೊದಲೇ ಶುರು ಮಾಡಿದರೆ ಖಂಡಿತ ಬರ್ತದೆ. ಶೆಟ್ಲಿ ದಡಕ್ಕೆ ಬಂದು ಒದ್ದಾಡಲು ಶುರುವಾದ ಮೇಲೆ ಓಡಿಹೋಗಿ ತಂದು ಸುರಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ನನ್ನ ಪ್ಯಾಕೆಟ್ಟಿನಲ್ಲಿರುವುದು ಮೂರು ಜಾತಿ: ಬ್ಯಾಸಿಲಸ್ ಸಬ್ಟಿಲಿಸ್, ಲೈಕೆನಿಫಾರ್ಮಿಸ್, ಪ್ಯುಮಿಲಸ್. ಇವು ಸ್ಪೋರ್, ಅಂದರೆ ಗಟ್ಟಿ ಕವಚದೊಳಗೆ ಮಲಗಿದ ಬೀಜದಂಥ ರೂಪದಲ್ಲಿರುವುದರಿಂದ ಫ್ರಿಜ್ಜಿನಲ್ಲಿ ಇಡದಿದ್ದರೂ ತಿಂಗಳುಗಟ್ಟಲೆ ಉಳಿಯುತ್ತವೆ. ಆದರೆ ನಮ್ಮ ಕರಾವಳಿಯ ತೇವಕ್ಕೆ ಒಡೆದ ಪ್ಯಾಕೆಟ್ ಗಟ್ಟಿಯಾಗಿಬಿಡುತ್ತದೆ. ಹಾಗಾಗಿ ಬಿಗಿ ಮುಚ್ಚಳದ ಡಬ್ಬಿ ಬೇಕೇಬೇಕು. ಕೊಳ್ಳುವಾಗ ಲೇಬಲ್ ನೋಡಿ. ಬ್ಯಾಕ್ಟೀರಿಯಾದ ಹೆಸರು, ಗ್ರಾಂಗೆ ಎಷ್ಟು ಸಿಎಫ್‌ಯು ಅಂದರೆ ಎಷ್ಟು ಜೀವಂತ ಬ್ಯಾಕ್ಟೀರಿಯಾ, ತಯಾರಾದ ತಾರೀಖು, ಚೆನ್ನೈನ ಕೋಸ್ಟಲ್ ಅಕ್ವಾಕಲ್ಚರ್ ಅಥಾರಿಟಿಯ ನೋಂದಣಿ ಸಂಖ್ಯೆ, ಇವಿಷ್ಟೂ ಇರಬೇಕು. ಬರೀ 'ಉಪಯುಕ್ತ ಸೂಕ್ಷ್ಮಾಣುಗಳು' ಅಂತ ಬರೆದು ಶೆಟ್ಲಿ ಚಿತ್ರ ಹಾಕಿದ ಪ್ಯಾಕೆಟ್ ಎಷ್ಟೇ ಅಗ್ಗವಿರಲಿ, ಮುಟ್ಟಬೇಡಿ. ಒಂದು ಅಂಗಡಿಯಲ್ಲಿ ಲೇಬಲ್ಲೇ ಇಲ್ಲದ ಬಿಳಿ ಪುಡಿ ಕೈಗಿಟ್ಟು, "ಇದರಲ್ಲಿ ಆಂಟಿಬಯೋಟಿಕ್ಕೂ ಸೇರಿದೆ, ಬೇಗ ಕೆಲಸ ಮಾಡ್ತದೆ" ಅಂದರು. ಅಲ್ಲೇ ಇಟ್ಟು ಬಂದೆ. ಆಂಟಿಬಯೋಟಿಕ್ ಇದ್ದರೆ ಅದೇ ಪ್ಯಾಕೆಟ್ಟಿನ ಒಳ್ಳೆಯ ಬ್ಯಾಕ್ಟೀರಿಯಾ ಬದುಕುವುದು ಹೇಗೆ ಅಂತ ಕೇಳಿದ್ದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ.

ಪುಡಿಯನ್ನು ನೇರವಾಗಿ ನೀರಿಗೆ ಎರಚುವುದಕ್ಕಿಂತ ಎಬ್ಬಿಸಿ ಹಾಕುವುದು ಮೇಲು. ಹಿಂದಿನ ದಿನ ಸಂಜೆ ಡ್ರಮ್ಮಿಗೆ ಹೊಂಡದ ನೀರು ತುಂಬಿ, ಕಾಕಂಬಿ, ಸ್ವಲ್ಪ ಅಕ್ಕಿ ತೌಡು, ಪುಡಿ ಹಾಕಿ, ಸಣ್ಣ ಏರ್ ಪಂಪ್ ಬಿಟ್ಟಿರುತ್ತೇನೆ. ಕಾಕಂಬಿ ಸಿಗದಾಗ ಹಳೇ ಜೋನಿ ಬೆಲ್ಲವೂ ನಡೆಯುತ್ತದೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಮೇಲೆ ನೊರೆ, ಹಿತವಾದ ಹುಳಿ ವಾಸನೆ. ಕೊಳೆತ ವಾಸನೆ ಬಂದರೆ ಬೇರೆ ಏನೋ ಬೆಳೆದಿದೆ ಎಂದರ್ಥ, ಚೆಲ್ಲಿಬಿಡಿ. ಬಿಸಿಲು ಏರಿದ ಮೇಲೆ, ಏರೇಟರ್ ತಿರುಗುತ್ತಿರುವಾಗ ಹೊಂಡದ ಸುತ್ತ ಹಾಕುತ್ತೇನೆ. ಸಂಜೆ ಹಾಕಲೇಬಾರದು. ಈ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು, ರಾತ್ರಿ ಪಾಚಿಯೂ ಅದನ್ನೇ ಎಳೆಯುತ್ತದೆ, ಬೆಳಗಿನ ಜಾವಕ್ಕೆ ಶೆಟ್ಲಿಗೆ ಉಸಿರು ಸಾಲುವುದಿಲ್ಲ. ಬ್ಲೀಚಿಂಗ್ ಪೌಡರ್ ಹಾಕಿದ ನೀರಾದರೆ ಕ್ಲೋರಿನ್ ಪೂರ್ತಿ ಹೋಗುವವರೆಗೆ ಕಾಯಬೇಕು, ಇಲ್ಲದಿದ್ದರೆ ಹಾಕಿದ್ದೆಲ್ಲ ಸಾಯುತ್ತದೆ.

ಮೇವಿಗೆ ಕಲೆಸುವುದು ಬೇರೆ ಕೆಲಸ. ಕಿಲೋ ಮೇವಿಗೆ ಐದರಿಂದ ಹತ್ತು ಗ್ರಾಂ ಪುಡಿ, ಅಂಟಿಕೊಳ್ಳಲು ಮೊಟ್ಟೆಯ ಬಿಳಿ, ಆಮೇಲೆ ನೆರಳಲ್ಲಿ ಅರ್ಧ ಗಂಟೆ ಆರಿಸುವುದು.

ಫಲ ಗೊತ್ತಾಗುವುದು ಹೊಂಡದ ತಳದಲ್ಲಿ. ಮೇವು ಬೀಳುವ ಜಾಗದಲ್ಲಿ ಬಿದಿರಿನ ಕೋಲು ಚುಚ್ಚಿ ಎತ್ತಿ ನೋಡಿ. ಮೊದಲೆಲ್ಲ ಬೆಳೆಯ ಅರ್ಧಕ್ಕೆ ಬರುವಷ್ಟರಲ್ಲಿ ಕೋಲಿನ ತುದಿಗೆ ಕರೀ ಕೆಸರು, ಕೊಳೆತ ಮೊಟ್ಟೆಯ ವಾಸನೆ ಇರುತ್ತಿತ್ತು. ಈಗ ಬರುವುದು ಬೂದು ಮಣ್ಣು, ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಉಳಿದ ಮೇವನ್ನೂ ಹಿಕ್ಕೆಯನ್ನೂ ಬ್ಯಾಸಿಲಸ್ ಕಿಣ್ವಗಳಿಂದ ಒಡೆದು ತಿನ್ನುತ್ತದೆ, ಅದೇ ಆಹಾರ ನಂಬಿ ಹೆಚ್ಚುವ, ರೋಗ ತರುವ ವಿಬ್ರಿಯೋ ಬ್ಯಾಕ್ಟೀರಿಯಾಕ್ಕೆ ಜಾಗ ಸಿಗುವುದಿಲ್ಲ. ಮೇವು ಎಷ್ಟು ತಿಂದಿವೆ ಅಂತ ನೋಡಲು ಇಳಿಬಿಟ್ಟ ಚೆಕ್ ಟ್ರೇ ಎತ್ತಿ ಶೆಟ್ಲಿಯನ್ನು ಬೆಳಕಿಗೆ ಹಿಡಿದರೆ ಬೆನ್ನಿನ ಕರುಳು ತಲೆಯಿಂದ ಬಾಲದವರೆಗೆ ಕಡಿಯದೆ ಕಂದು ಗೆರೆಯಾಗಿ ಕಾಣುತ್ತದೆ, ಮೀಸೆ ಮುರಿದಿರುವುದಿಲ್ಲ. ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡಿಸಿದಾಗಲೂ ತಟ್ಟೆಯ ಮೇಲೆ ವಿಬ್ರಿಯೋದ ಹಸಿರು ಚುಕ್ಕೆ ಕಡಿಮೆಯಾಗಿದ್ದನ್ನು ಕಣ್ಣಾರೆ ನೋಡಿದೆ. ಪೂರ್ತಿ ಶ್ರೇಯ ಪುಡಿಗೇ ಕೊಡಲಾರೆ. ಮರಿ ಬಿಡುವ ಸಂಖ್ಯೆ ಇಳಿಸಿದ್ದೂ, ಟ್ರೇ ನೋಡಿಯೇ ಮೇವು ಹಾಕುವುದೂ ಅಷ್ಟೇ ಮುಖ್ಯ.

ಬಿಳಿಚುಕ್ಕೆ ರೋಗಕ್ಕೆ ಇದರಿಂದ ಮದ್ದಿಲ್ಲ. ಅದು ವೈರಸ್. 1990ರ ದಶಕದಲ್ಲಿ ಟೈಗರ್ ಶೆಟ್ಲಿ ಬೆಳೆದವರನ್ನು ಮುಳುಗಿಸಿದ ಈ ರೋಗಕ್ಕೆ ಆಗ ಸುರಿದ ಆಂಟಿಬಯೋಟಿಕ್ಕೂ ಏನೂ ಮಾಡಲಿಲ್ಲ, ಮಾಡಲು ಸಾಧ್ಯವೂ ಇರಲಿಲ್ಲ. ಅದಕ್ಕೆ ವೈರಸ್ ಪತ್ತೆ ಹಚ್ಚುವ ಪಿಸಿಆರ್ ಪರೀಕ್ಷೆ ಆಗಿ ಪಾಸಾದ ಮರಿಯನ್ನೇ ತರಬೇಕು. ಪುಡಿಗೆ ದುಡ್ಡಿದೆ, ಮರಿ ಪರೀಕ್ಷೆಗೆ ಇಲ್ಲ ಅನ್ನುವವರು ಮೊದಲು ಪರೀಕ್ಷೆ ಮಾಡಿಸಿ.

ಹಾಗಿದ್ದರೆ ಆಂಟಿಬಯೋಟಿಕ್ ಬಿಟ್ಟು ಇದೇ ಯಾಕೆ? ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್ ನಿಷೇಧವಾಗಿ ಎಷ್ಟೋ ವರ್ಷವಾಯಿತು. ಅವುಗಳ ಅಂಶ ಮಾಂಸದಲ್ಲಿ ಸಿಕ್ಕರೆ ಮಾಲು ವಾಪಸ್. ಭಾರತದಿಂದ ಹೋಗುವ ಸಾಕಣೆ ಶೆಟ್ಲಿಯ ಮೇಲಿನ ತಪಾಸಣೆಯನ್ನು ಯುರೋಪ್ 2016ರಲ್ಲಿ ಶೇ 10ರಿಂದ ಶೇ 50ಕ್ಕೆ ಏರಿಸಿತು. ಯಾರೋ ಒಬ್ಬರು ಹಾಕಿದ ಔಷಧಕ್ಕೆ ಎಲ್ಲರ ದರ ಬೀಳುತ್ತದೆ.

ನನಗೆ ಅದಕ್ಕಿಂತ ದೊಡ್ಡದು ಹೊಳೆ. ಜಂತ್ರಡಿ (ನೀರು ಬಿಡುವ ತೂಬಿನ ಬಾಗಿಲು) ಎತ್ತಿದರೆ ನಮ್ಮ ಹೊಂಡದ ನೀರು ಹೋಗುವುದು ಅಘನಾಶಿನಿಗೆ. ಇಳಿತದ ಹೊತ್ತಿಗೆ ಅಲ್ಲೇ ಹೆಂಗಸರು, ಗಂಡಸರು ಸೊಂಟಮಟ್ಟ ನೀರಲ್ಲಿ ನಿಂತು ಬಳಚು (ಚಿಪ್ಪುಮೀನು) ಹೆಕ್ಕುತ್ತಾರೆ. ಮೇವಿಗೆ ಕಲೆಸಿದ ಆಂಟಿಬಯೋಟಿಕ್ಕಿನ ಬಹುಪಾಲು ಶೆಟ್ಲಿಯ ಮೈಗೆ ಹತ್ತದೆ ನೀರಿಗೆ, ಕೆಸರಿಗೆ ಸೇರುತ್ತದೆ. ಅದನ್ನು ತಡೆದುಕೊಂಡು ಉಳಿದ ಬ್ಯಾಕ್ಟೀರಿಯಾ ಮುಂದಿನ ಬಾರಿ ಅದೇ ಔಷಧಕ್ಕೆ ಬಗ್ಗುವುದಿಲ್ಲ. ಪಕ್ಕದ ಹೊಂಡದ ಅಣ್ಣ ಒಮ್ಮೆ ಅಂದಿದ್ದರು: "ತಮಾ, ನಾವು ಬಿಟ್ಟ ನೀರಲ್ಲೇ ನಮ್ಮನೆಯವ್ರು ಬಳಚು ಹೆಕ್ಕೂದು." 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ, ಸಿಕ್ಕಿತು. ಪಟ್ಟ ಇರಲಿ, ಇಲ್ಲದಿರಲಿ, ಆ ನೀರಿಗೆ ಔಷಧ ಬಿಡುವ ಹಕ್ಕು ನಮಗಿಲ್ಲ.

ದೂರು ಎರಡಿವೆ. ಪ್ಯಾಕೆಟ್ಟಿನ ಮೇಲೆ ಕನ್ನಡದ ಒಂದು ಅಕ್ಷರವಿಲ್ಲ. ಎಷ್ಟು ಹಾಕಬೇಕು, ಯಾವಾಗ ಹಾಕಬಾರದು ಅನ್ನುವುದನ್ನು ನಮ್ಮ ಕೆಲಸದವರು ಓದುವಂತೆ ಮುದ್ರಿಸಿದರೆ ಅರ್ಧ ಪುಡಿ ಹಾಳಾಗುವುದು ತಪ್ಪುತ್ತದೆ. ಎರಡನೆಯದು, ನಾನು ಕೊಳ್ಳುವ ಕಡೆ ಸಣ್ಣ ಪ್ಯಾಕೆಟ್ ಸಿಗುವುದಿಲ್ಲ. ಒಂದೇ ಹೊಂಡ ಇರುವವರು ಅಕ್ಕಪಕ್ಕದ ಇಬ್ಬರು ಸೇರಿ ಒಂದು ಕಿಲೋ ತಂದು, ಒಡೆದ ದಿನವೇ ಹಂಚಿಕೊಳ್ಳಿ.