ತುಮಕೂರಿನಲ್ಲಿ ಹಳೆ ಗೇರ್ ಸೈಕಲ್ ರಿಪೇರಿಗೆ ಈ ಅಂಗಡಿಗೆ ಹೋಗಿ

ತುಮಕೂರಿನಲ್ಲಿ ಹೊಸ ಗೇರ್ ಸೈಕಲ್ ಮಾರುವವರು ಬೇಕಾದಷ್ಟು ಜನ ಇದ್ದಾರೆ, ಹಳೆಯದನ್ನು ಮುಖ ಸಿಂಡರಿಸದೆ ರಿಪೇರಿಗೆ ತಗೊಳ್ಳುವವರು ಕಡಿಮೆ. ಅದಕ್ಕೇ ಬಿ.ಎಚ್. ರಸ್ತೆಯಿಂದ ಒಳಗೆ ಹೋಗುವ ಗಲ್ಲಿಯೊಂದರಲ್ಲಿರುವ ಈ ಸಣ್ಣ ಅಂಗಡಿ ಬಗ್ಗೆ ಬರೆಯಲೇಬೇಕು ಅನ್ನಿಸಿತು. ಬೋರ್ಡಿನ ಬಣ್ಣ ಹೋಗಿದೆ, ಹೆಸರು ಓದೋಕಾಗಲ್ಲ. ನೋಡಿದರೆ ಬರೀ ಪಂಕ್ಚರ್ ಅಂಗಡಿ ಅಂದುಕೊಳ್ಳುತ್ತೀರಿ.

ನನ್ನದು ಹಳೆ ಮೌಂಟನ್ ಬೈಕ್. ಸ್ಟೀಲ್ ಫ್ರೇಮು, 26 ಇಂಚಿನ ಚಕ್ರ, ಮುಂದೆ 3 ಹಿಂದೆ 7 ಹಲ್ಲಿನ ಚಕ್ರ, ಚೈನನ್ನು ಒಂದರಿಂದ ಇನ್ನೊಂದಕ್ಕೆ ಸರಿಸೋಕೆ ಶಿಮಾನೊ ಟೂರ್ನಿ ಡಿರೇಲರ್. ತೊಂದರೆ ಏನಂದ್ರೆ, ಮಧ್ಯದ ಗೇರುಗಳಲ್ಲಿ ಕಟಕಟ ಸದ್ದು, ಹಿಂದಿನ ಸಣ್ಣ ಹಲ್ಲಿನ ಚಕ್ರದ ಕಡೆ ಒತ್ತಿದರೆ ಚೈನು ತಕ್ಷಣ ಇಳಿಯುತ್ತಿರಲಿಲ್ಲ, ಇನ್ನೊಂದು ಸಲ ಒತ್ತಿದರೆ ಒಟ್ಟಿಗೆ ಎರಡು ಗೇರು ಹಾರುತ್ತಿತ್ತು. ದೇವರಾಯನದುರ್ಗದ ಏರಿನಲ್ಲಂತೂ ಎದ್ದು ನಿಂತು ತುಳಿಯೋಕೇ ಭಯ. ಚೈನು ಜಾರಿದರೆ ಮೊಣಕಾಲು ಹ್ಯಾಂಡಲ್‌ಗೆ ಬಡಿಯುತ್ತೆ, ಅಲ್ವಾ.

ಮೊದಲು ಊರಿನ ಬೇರೊಂದು ಅಂಗಡಿಗೆ ಕೊಟ್ಟಿದ್ದೆ. ಅಲ್ಲಿ ಡಿರೇಲರ್ ಹಿಂದಿನ ಎರಡು ಸ್ಕ್ರೂಗಳನ್ನು ಅತ್ತ ಇತ್ತ ತಿರುಗಿಸಿ ಕೊಟ್ಟರು. ಸರಿಹೋಗಲಿಲ್ಲ ಅಂತ ವಾಪಸ್ ಹೋದರೆ ಗೇರ್ ಸೆಟ್ಟನ್ನೇ ಪೂರ್ತಿ ಬದಲಾಯಿಸಿ ಅಂದರು. ಆ ಸ್ಕ್ರೂಗಳ ಕೆಲಸ ಡಿರೇಲರ್ ಎರಡೂ ತುದಿಯಲ್ಲಿ ಎಲ್ಲಿವರೆಗೆ ಹೋಗಬಹುದು ಅಂತ ತಡೆಯೋದು, ಅಷ್ಟೇ. ಎಚ್ ಅಂತ ಇರೋದು ಅತಿ ಸಣ್ಣ ಚಕ್ರದ ಕಡೆಗೆ, ಎಲ್ ಅತಿ ದೊಡ್ಡದರ ಕಡೆಗೆ. ಮಧ್ಯದ ಗೇರಿನ ತೊಂದರೆಗೆ ಅವನ್ನು ತಿರುಗಿಸಿ ಏನೂ ಪ್ರಯೋಜನವಿಲ್ಲ. ಎಲ್ ಸ್ಕ್ರೂ ಜಾಸ್ತಿ ಸಡಿಲವಾದರೆ ಚೈನು ದೊಡ್ಡ ಚಕ್ರ ದಾಟಿ ಕಡ್ಡಿಗಳ ಮಧ್ಯೆ ಬೀಳುತ್ತದೆ, ಅದು ನಿಜಕ್ಕೂ ಅಪಾಯ.

ಈ ಗಲ್ಲಿ ಅಂಗಡಿಯ ಮೇಸ್ತ್ರಿ ಸ್ಕ್ರೂಡ್ರೈವರ್ ಕೈಗೇ ತಗೊಳ್ಳಲಿಲ್ಲ. ಸೈಕಲ್ ಹಿಂದೆ ಕುಕ್ಕರಗಾಲಲ್ಲಿ ಕೂತು ಸುಮ್ನೆ ನೋಡಿದರು. "ಸಾರ್, ಬಲಗಡೆಗೆ ಯಾವಾಗ್ಲೋ ಬಿದ್ದಿದೆ ಇದು" ಅಂದರು. ಡಿರೇಲರ್ ನೇತಾಡುವ ಹ್ಯಾಂಗರ್ ಒಳಗಡೆಗೆ ಬಗ್ಗಿತ್ತು. ಅದು ನೆಟ್ಟಗಿಲ್ಲದಿದ್ದರೆ ಕೇಬಲ್ ಎಷ್ಟು ಬಿಗಿ ಮಾಡಿದರೂ ಒಂದು ಗೇರು ಸರಿಯಾದರೆ ಇನ್ನೊಂದು ಕೆಡುತ್ತದೆ. ಅದನ್ನು ಅಳೆಯುವ ಉಪಕರಣ ಅವರ ಹತ್ತಿರ ಇಲ್ಲ. ಆದರೆ ಡಿರೇಲರ್ ಬಿಚ್ಚಿ, ಆ ತೂತಿಗೆ ಇನ್ನೊಂದು ಹಿಂದಿನ ಚಕ್ರದ ಆಕ್ಸಲ್ಲನ್ನು ತಿರುಗಿಸಿ ಕೂರಿಸಿದರು. ಹ್ಯಾಂಗರ್ ತೂತಿನ ಮರೆ (ಥ್ರೆಡ್) 10 ಮಿ.ಮೀ., ಎಷ್ಟೋ ಹಿಂದಿನ ಆಕ್ಸಲ್‌ಗಳ ಮರೆಯೂ ಅದೇ. ಈಗ ಪಕ್ಕಪಕ್ಕ ಎರಡು ಚಕ್ರ. ಎರಡರ ನಡುವಿನ ಸಂದು ಮೇಲೆ, ಕೆಳಗೆ, ಹಿಂದೆ ಒಂದೇ ಸಮ ಬರುವವರೆಗೆ ಆ ಚಕ್ರವನ್ನೇ ಹಿಡಿದು ನಿಧಾನವಾಗಿ ಬೆಂಡ್ ತೆಗೆದರು. ನನಗೆ ತುಂಬ ಇಷ್ಟವಾಗಿದ್ದು ಇದೇ. ಸ್ಟೀಲ್ ಫ್ರೇಮಾದ್ದರಿಂದ ಧೈರ್ಯವಾಗಿ ಬಗ್ಗಿಸಿದರು. ಅಲ್ಯೂಮಿನಿಯಂ ಹ್ಯಾಂಗರ್ ಆದರೆ ಮುರಿಯಬಹುದು, ಹೊಸದು ಹಾಕಿಸೋದೇ ಒಳ್ಳೆಯದು ಅಂತಲೂ ಹೇಳಿದರು.

ಆಮೇಲೆ ಕೇಬಲ್. ಸಣ್ಣ ಚಕ್ರಕ್ಕೆ ಇಳಿಸೋದು ಡಿರೇಲರ್‌ನ ಸ್ಪ್ರಿಂಗು, ಕೇಬಲ್ ಸಲೀಸಾಗಿ ಬಿಟ್ಟುಕೊಡಬೇಕು. ಇಳಿಯೋದು ತಡವಾದರೆ ಮೊದಲು ಅನುಮಾನ ಪಡಬೇಕಾದ್ದು ಒಳಗಿನ ತುಕ್ಕು. ದೊಡ್ಡ ಚಕ್ರಕ್ಕೆ ಏರೋದು ತಡವಾದರೆ ಕೇಬಲ್ ಸಡಿಲವಾಗಿರಬಹುದು. ಈ ಒಂದು ವಿಷಯ ಗೊತ್ತಿದ್ದರೆ ಅರ್ಧ ತಲೆನೋವು ಕಡಿಮೆ. ಹಿಂದಿನ ಡಿರೇಲರ್ ಹತ್ತಿರ ಗೋಲಾಗಿ ಬಾಗಿರುವ ಔಟರ್ (ಕೇಬಲ್ ಮೇಲಿನ ಕೊಳವೆ) ತುಂಡಿನಲ್ಲಿ ನೀರು, ಧೂಳು ಬೇಗ ಸೇರುತ್ತೆ. ನನ್ನ ಸೈಕಲ್ಲಿನಲ್ಲಿ ಆ ತುಂಡೇ ತಪ್ಪು. ಯಾರೋ ಬ್ರೇಕಿನ ಔಟರ್ ಕತ್ತರಿಸಿ ಹಾಕಿಬಿಟ್ಟಿದ್ದರು! ಬ್ರೇಕ್ ಔಟರ್ ಒಳಗೆ ತಂತಿ ಸುರುಳಿಯಾಗಿರುತ್ತದೆ, ಎಳೆದಾಗ ಸ್ವಲ್ಪ ಕುಗ್ಗುತ್ತದೆ. ಗೇರ್ ಔಟರ್‌ನಲ್ಲಿ ತಂತಿಗಳು ಉದ್ದಕ್ಕೆ ಇರುತ್ತವೆ, ಕುಗ್ಗಲ್ಲ. ಒಂದೊಂದು ಕ್ಲಿಕ್ಕಿಗೂ ಕೇಬಲ್ ಇಷ್ಟೇ ಅಂತ ಲೆಕ್ಕವಾಗಿ ಸರಿಯಬೇಕಾದಾಗ ಆ ಸ್ವಲ್ಪವೇ ಸಾಕು ಗೇರು ತಪ್ಪೋಕೆ. ಇದರ ಉಲ್ಟಾ ಮಾತ್ರ ಯಾರೂ ಮಾಡಬೇಡಿ. ಗೇರ್ ಔಟರ್ ಬ್ರೇಕಿಗೆ ಹಾಕಿದರೆ ಜೋರಾಗಿ ಹಿಡಿದಾಗ ಸೀಳಿಹೋಗಬಹುದು.

ಚೈನನ್ನೂ ಸ್ಕೇಲ್ ಇಟ್ಟು ಅಳೆದರು. ಪಿನ್ನಿನಿಂದ ಪಿನ್ನಿಗೆ 24 ಕೊಂಡಿ ಸರಿಯಾಗಿ 12 ಇಂಚು ಇರಬೇಕು. 1/16 ಇಂಚು ಜಾಸ್ತಿಯಾದರೆ ಚೈನು ಬದಲಾಯಿಸಬೇಕು, 1/8 ಇಂಚಿನವರೆಗೆ ಬಿಟ್ಟರೆ ಹಿಂದಿನ ಹಲ್ಲುಗಳೂ ಸವೆದಿರುತ್ತವೆ. ನನ್ನದು ಮೊದಲನೇ ಹಂತದಲ್ಲಿತ್ತು, ಬರೀ ಚೈನಿಗೇ ಮುಗಿಯಿತು. 6, 7, 8 ಸ್ಪೀಡಿಗೆ (ಅಂದರೆ ಹಿಂದೆ ಅಷ್ಟು ಗೇರು) ಸಾಮಾನ್ಯವಾಗಿ ಒಂದೇ ಚೈನು ಆಗುತ್ತದೆ, ಹುಡುಕಾಡಬೇಕಿಲ್ಲ.

ಎಲ್ಲ ಮುಗಿದ ಮೇಲೆಯೇ ಕೇಬಲ್ ತುದಿಯ ಅಡ್ಜಸ್ಟರ್ ಮುಟ್ಟಿದ್ದು. ಹಿಂದಿನಿಂದ ನೋಡಿದಾಗ ಗಡಿಯಾರದ ಉಲ್ಟಾ ತಿರುಗಿಸಿದರೆ ಕೇಬಲ್ ಬಿಗಿಯಾಗುತ್ತದೆ. ಅರ್ಧರ್ಧ ಸುತ್ತು ತಿರುಗಿಸುತ್ತಾ, ಪೆಡಲ್ ಆಡಿಸುತ್ತಾ, ಸದ್ದು ನಿಂತ ಕಡೆ ಬಿಟ್ಟರು. ಈಗ ನಾಮದ ಚಿಲುಮೆ ದಾಟಿ ಏರು ಹತ್ತುವಾಗ ಗೇರು ಕೂತ ಕಡೆಯೇ ಕೂತಿರುತ್ತದೆ.

ಖರ್ಚು, ಆ ಹೊಸ ಸೆಟ್ಟಿಗೆ ಹೇಳಿದ್ದರ ಅರ್ಧವೂ ಆಗಲಿಲ್ಲ. ಬಿಚ್ಚಿದ ಹಳೆ ಸಾಮಾನನ್ನೆಲ್ಲ ಕವರಿಗೆ ಹಾಕಿ ಕೊಟ್ಟರು.

ಕೊರತೆಗಳೂ ಇವೆ. ನಾಳೆ ಅಂದರೆ ನಾಡಿದ್ದು ಅಂತ ಇಟ್ಟುಕೊಳ್ಳಿ. ಬಿಲ್ ಕೊಡಲ್ಲ. 11, 12 ಸ್ಪೀಡಿನ ಸಾಮಾನು, ಹೈಡ್ರಾಲಿಕ್ ಬ್ರೇಕಿನ ಕೆಲಸ ಇಲ್ಲಿ ಆಗಲ್ಲ. ಹ್ಯಾಂಡಲ್ ಮೇಲೆ ಗೇರ್ ಬದಲಿಸುವ ಶಿಫ್ಟರ್ ಒಳಗಿನ ಹಳೆ ಗ್ರೀಸು ಗಟ್ಟಿಯಾಗಿತ್ತು, ಸ್ಪ್ರೇ ಹೊಡೆದು ತೊಳೆದರು, ಆದರೂ ಚಳಿ ಬೆಳಗ್ಗೆ ಮೊದಲ ಕ್ಲಿಕ್ ಇನ್ನೂ ಸ್ವಲ್ಪ ಮಂದ. ಅದನ್ನು ಅವರೇ ಮೊದಲು ಹೇಳಿದ್ದರು, ಹಾಗಾಗಿ ನನಗೆ ಬೇಸರವಿಲ್ಲ.

ಬೆಳಗ್ಗೆ ಹೋಗಿ. ಸ್ಕೂಲು ಬಿಟ್ಟ ಮೇಲೆ ಮಕ್ಕಳ ಪಂಕ್ಚರ್ ಸೈಕಲ್ಲುಗಳು ಸಾಲಾಗಿ ನಿಂತಿರುತ್ತವೆ, ಆಗ ಗೇರಿನ ಕೆಲಸ ಮುಟ್ಟಲ್ಲ. ಯಾವ ಗೇರಿನಿಂದ ಯಾವುದಕ್ಕೆ ಹಾಕುವಾಗ ತೊಂದರೆ ಅಂತ ಗಮನಿಸಿಟ್ಟುಕೊಂಡು ಹೋಗಿ, ಅವರು ಮೊದಲು ಕೇಳೋದೇ ಅದು.